ಮರುಭೂಮಿಯ ಮನೆಯಲ್ಲಿ ಸಿಹಿನೀರಿನ ಸಿಗಡಿ

ಕುವೈತಿನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಹಿಂದೆ ಷತ್ ಅಲ್ ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಕುಡಿಯುವ ನೀರು ತರುತ್ತಿದ್ದರು. 1950ರ ದಶಕದಿಂದ ಈಚೆಗೆ ಹೆಚ್ಚಾಗಿ ಸಮುದ್ರದ ನೀರನ್ನೇ ಕಾಯಿಸಿ, ಆವಿಯನ್ನು ತಣಿಸಿ, ಸಿಹಿನೀರು ಮಾಡಿಕೊಳ್ಳುತ್ತಿದ್ದಾರೆ. ಅಂಥ ನಾಡಿನ ಫ್ಲ್ಯಾಟೊಂದರಲ್ಲಿ ಸಿಹಿನೀರಿನ ಸಿಗಡಿ ಸಾಕಬಹುದೇ? ಖಂಡಿತ ಸಾಕಬಹುದು.

ನಮ್ಮ ಕರಾವಳಿಯವರಿಗೆ ಸಿಗಡಿ ಎಂದರೆ ಚಟ್ನಿ ನೆನಪಾಗುತ್ತದೆ. ಇದು ಬೇರೆ. ಚೆರ್ರಿ ಸಿಗಡಿ ಎರಡು ಮೂರು ಸೆಂಟಿಮೀಟರ್ ಉದ್ದದ, ಪೂರ್ವ ಏಷ್ಯಾದ ತೊರೆಗಳ ಜೀವಿ. ಕಾಡುತಳಿಯ ಬಣ್ಣ ಮಂಕು. ಚೆರ್ರಿ ಹಣ್ಣಿನಂಥ ಕೆಂಪು, ಸಾಕುವವರು ಆರಿಸಿ ಆರಿಸಿ ಬೆಳೆಸಿದ್ದು. ಭೂತಗನ್ನಡಿ ಹಿಡಿದು ಬಸಿರಿ ಸಿಗಡಿಯನ್ನು ನೋಡಿ: ಹೊಟ್ಟೆಯಡಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಅವಚಿಕೊಂಡು, ಈಜುಗಾಲುಗಳಿಂದ ಬಿಡದೆ ಬೀಸಣಿಗೆ ಹಾಕುತ್ತಿರುತ್ತಾಳೆ. ಮೂರು ನಾಲ್ಕು ವಾರಕ್ಕೆ ಹೊರಬರುವ ಮರಿಗಳು ತಾಯಿಯದೇ ಪಡಿಯಚ್ಚು.

ಇವಕ್ಕೆ ಮೊದಲು ಬೇಕಾದದ್ದು ಪಳಗಿದ ತೊಟ್ಟಿ. ಹಿಕ್ಕೆ, ಕೊಳೆತ ಎಲೆಗಳಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಗಿಡಗಳು ಹೀರುತ್ತವೆ. ಆ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳೇ ಬೇಕು. ಅಲ್ಲಿಯವರೆಗೆ ಜಾವಾ ಮಾಸ್ ಪಾಚಿ, ಅನುಬಿಯಾಸ್ ಗಿಡ ಇಟ್ಟು ಕಾಯಿರಿ. ಪಾಚಿಯ ಮೇಲೆ ಕಟ್ಟುವ ಜಿಗುಟು ಪದರವೇ ಮರಿಗಳ ಊಟ. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ತೊಟ್ಟಿಗೆ ಬಿಡಬೇಡಿ. ತಾಮ್ರ ಬೆರೆತ ಮೀನಿನ ಔಷಧಿಯಂತೂ ಸಿಗಡಿಗೆ ವಿಷ.

ಕುವೈತಿನ ನಿಜವಾದ ಪಾಠ ಆವಿಯದು. ಎಸಿಯ ಒಣಗಾಳಿಗೆ ತೊಟ್ಟಿಯ ನೀರು ದಿನದಿನವೂ ಇಳಿಯುತ್ತದೆ. ಹೋಗುವುದು ನೀರು ಮಾತ್ರ; ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಕಡಲತೀರದ ಸಿಹಿನೀರಿನ ಸ್ಥಾವರದಲ್ಲಿ ನಡೆಯುವುದೂ ಇದೇ, ಆದರೆ ಅಲ್ಲಿ ನಾವು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತೇವೆ, ಇಲ್ಲಿ ಕಳೆದುಕೊಳ್ಳುತ್ತೇವೆ. ಇಳಿದಷ್ಟನ್ನೂ ನಲ್ಲಿ ನೀರಿನಿಂದ ತುಂಬಿಸುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಹಾಗೆಂದು ತೊಟ್ಟಿಯನ್ನೆಲ್ಲ ಬರೀ ಡಿಸ್ಟಿಲ್ಡ್ ನೀರಿನಿಂದ ತುಂಬಿದರೂ ಕೇಡೇ: ಪೊರೆ ಕಳಚಿದ ಸಿಗಡಿ, ಹೊಸ ಕವಚ ಗಟ್ಟಿಯಾಗಲು ಕ್ಯಾಲ್ಸಿಯಂ ಸಾಲದೆ, ಸಾಯುತ್ತದೆ. ಆವಿಯಾದದ್ದಕ್ಕೆ ಡಿಸ್ಟಿಲ್ಡ್ ನೀರು. ಬದಲಾಯಿಸುವಾಗ ಖನಿಜವಿರುವ ನೀರು, ಅದೂ ಸ್ವಲ್ಪಸ್ವಲ್ಪವೇ.

ಇನ್ನು ಬಿಸಿಲು. 2016ರ ಜುಲೈನಲ್ಲಿ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಛಾವಣಿ ಟ್ಯಾಂಕಿನ ನೀರನ್ನು ನೇರವಾಗಿ ಸುರಿಯದೆ ಬಕೆಟಿನಲ್ಲಿ ಆರಿಸಿಡಿ. ರಜೆಗೆ ಊರಿಗೆ ಹೊರಡುವಾಗ ಆ ಕೋಣೆಯ ಎಸಿ ಆರಿಸಬೇಡಿ. ಪಕ್ಕದ ಮನೆಯವರಿಗೆ ಕೀಲಿಕೈ ಜೊತೆ ಒಂದು ಕ್ಯಾನ್ ಡಿಸ್ಟಿಲ್ಡ್ ನೀರನ್ನೂ ಕೊಟ್ಟು ಹೋಗಿ.