ಕಾಡ್ಗಿಚ್ಚಿನ ಕಿಡಿಗೆ ಗಾಳಿಕಿಂಡಿಯೇ ಹೆಬ್ಬಾಗಿಲು

ಮುಂಬಯಿ, ಪುಣೆ, ಚೆನ್ನೈ ಮುಂತಾದ ನಗರಗಳ ಕನ್ನಡ ಸಂಘಗಳ ಸದಸ್ಯರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಕ್ಕಳು ನೆಲೆಸಿರುವ ಹಿರಿಯರು ಅನೇಕರಿದ್ದಾರೆ. 2025ರ ಜನವರಿ 7ರಂದು ಲಾಸ್ ಏಂಜಲೀಸ್ ಪರಿಸರದಲ್ಲಿ ಹೊತ್ತಿಕೊಂಡ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಡ್ಗಿಚ್ಚುಗಳು 16 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟುಹಾಕಿದವು. ಕಾಡು ದೂರವಿದ್ದರೂ ಊರೊಳಗಿನ ಮನೆಗೆ ಬೆಂಕಿ ಹೇಗೆ ತಗಲಿತು ಎಂಬ ಪ್ರಶ್ನೆ ಹೆತ್ತವರನ್ನು ಕಾಡುವುದು ಸಹಜ.

ಉತ್ತರ ಗಾಳಿಯಲ್ಲಿದೆ. ಬಿರುಗಾಳಿಗೆ ಸಿಕ್ಕ ಕೆಂಡದ ಚೂರುಗಳು ಒಂದು ಮೈಲಿಗೂ ಆಚೆ ಹಾರಿ ಬೀಳುತ್ತವೆ. ನಮ್ಮ ಕಾಂಕ್ರೀಟ್ ಫ್ಲಾಟುಗಳಂತಲ್ಲದೆ ಅಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಅಟ್ಟದಲ್ಲಿ ತೇವ ನಿಂತು ಮರ ಕೊಳೆಯದಿರಲೆಂದು ಸೂರಿನ ಕೆಳಗೆ, ಮಾಡಿನ ನೆತ್ತಿಯಲ್ಲಿ, ತ್ರಿಕೋನ ಗೋಡೆಯಲ್ಲಿ ಹಾಗೂ ನೆಲದಡಿಯ ಟೊಳ್ಳಿಗೆ ಗಾಳಿಕಿಂಡಿಗಳನ್ನು ಇಟ್ಟಿರುತ್ತಾರೆ. ಅವುಗಳ ಮೂಲಕ ಒಳನುಗ್ಗಿದ ಕಿಡಿ ಅಟ್ಟದಲ್ಲಿಟ್ಟ ರಟ್ಟಿನ ಪೆಟ್ಟಿಗೆಗೋ ಒಣಮರಕ್ಕೋ ತಗಲಿದರೆ ಮನೆ ಒಳಗಿನಿಂದಲೇ ಉರಿಯುತ್ತದೆ. ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ.

ಹಳೆಯ ಮನೆಗಳ ಕಿಂಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾಲು ಇಂಚು ಕಣ್ಣಿನ ಜಾಲರಿ ಹಕ್ಕಿ, ಇಲಿಗಳನ್ನು ತಡೆಯಲು ಹಾಕಿದ್ದು, ಕಿಡಿಯನ್ನು ತಡೆಯದು. ಅದರ ಬದಲಿಗೆ ಒಂದು ಇಂಚಿನ ಎಂಟನೇ ಒಂದು ಭಾಗ (ಸುಮಾರು 3 ಮಿ.ಮೀ.) ಅಥವಾ ಅದಕ್ಕೂ ಸಣ್ಣ ಕಣ್ಣಿನ, ತುಕ್ಕು ಹಿಡಿಯದ ಲೋಹದ ಜಾಲರಿ ಹಾಕುವುದು ಕಡಿಮೆ ಖರ್ಚಿನ ದಾರಿ. ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ಜಾಲರಿ ಸಲ್ಲದು. ಕಣ್ಣು ತೀರಾ ಸಣ್ಣದಾದರೆ ಧೂಳು, ಬಣ್ಣ ಕಟ್ಟಿಕೊಳ್ಳುವುದರಿಂದ ಆಗಾಗ ಶುಚಿಗೊಳಿಸಬೇಕು. ಆದರೆ ಜಾಲರಿ ಜ್ವಾಲೆಯನ್ನು ತಡೆಯಲಾರದು. ಪುಡಿ ಕಿಡಿಗಳೂ ನುಸುಳಬಹುದು.

ಇದಕ್ಕಿಂತ ಉತ್ತಮವಾದುದು ಬೆಂಕಿನಿರೋಧಕ ಗಾಳಿಕಿಂಡಿ. ಕೆಲವು ಬಗೆಗಳಲ್ಲಿ ಜೇನುಗೂಡಿನಂಥ ಲೋಹದ ಜಾಲಕ್ಕೆ ವಿಶೇಷ ಲೇಪ ಬಳಿದಿರುತ್ತಾರೆ. ಬಿಸಿ ತಾಗಿದೊಡನೆ ಲೇಪ ಉಬ್ಬಿ ಕಿಂಡಿಯನ್ನು ಮುಚ್ಚುತ್ತದೆ. ಇನ್ನು ಕೆಲವದರಲ್ಲಿ ತಗಡಿನ ಅಡ್ಡಪಟ್ಟಿಗಳು ಕಿಡಿಯ ನೇರ ದಾರಿಯನ್ನು ತಪ್ಪಿಸುತ್ತವೆ. ಕೊಳ್ಳುವಾಗ ಮಾರಾಟಗಾರನ ಮಾತಿಗಿಂತ ಪರೀಕ್ಷೆಯ ದಾಖಲೆ ಮುಖ್ಯ. 'ಎ.ಎಸ್.ಟಿ.ಎಂ. ಇ 2886' ಎಂಬ ಪರೀಕ್ಷೆ ಕಿಡಿ ಮತ್ತು ಜ್ವಾಲೆ ಎರಡಕ್ಕೂ ಕಿಂಡಿಯನ್ನು ಒಡ್ಡುತ್ತದೆ. ಕ್ಯಾಲಿಫೋರ್ನಿಯದ ರಾಜ್ಯ ಅಗ್ನಿಶಾಮಕ ಮಾರ್ಷಲ್ ಕಚೇರಿ ಅಂಗೀಕೃತ ಸಾಮಗ್ರಿಗಳ ಪಟ್ಟಿಯನ್ನು ಇಟ್ಟಿದೆ. ಹೊಸ ಕಿಂಡಿಯಿಂದ ಗಾಳಿಯ ಹರಿವು ಕಡಿಮೆಯಾದರೆ ಕಿಂಡಿಗಳ ಸಂಖ್ಯೆಯನ್ನು ಹೆಚ್ಚಿಸಬೇಕಾಗಬಹುದು. ಹೆದರಿ ಎಲ್ಲವನ್ನೂ ಶಾಶ್ವತವಾಗಿ ಮುಚ್ಚಿದರೆ ಬೂಸು ಹಿಡಿದು ಮರ ಕೊಳೆಯುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಹೊರಕಿಂಡಿಗೆ ಜಾಲರಿ ಹಾಕಬಾರದು, ನೂಲಿನ ಧೂಳು ಕಟ್ಟಿ ಅದೇ ಬೆಂಕಿಗೆ ಕಾರಣವಾದೀತು. ಅಲ್ಲಿಗೆ ತಾನಾಗಿ ಮುಚ್ಚಿಕೊಳ್ಳುವ ಲೋಹದ ಮುಚ್ಚಳ ಸೂಕ್ತ.

ಬೆಂಕಿ ಅಪಾಯದ ವಲಯಗಳಲ್ಲಿ 2008ರಿಂದ ಹೊಸದಾಗಿ ಕಟ್ಟುವ ಮನೆಗಳಿಗೆ ಇಂಥ ನಿಯಮಗಳು ಕಡ್ಡಾಯವಾದವು. ಅದಕ್ಕೂ ಹಳೆಯ ಮನೆ ಕೊಂಡವರು ತಾವೇ ಮುತುವರ್ಜಿ ವಹಿಸಬೇಕು. ಗಾಳಿಕಿಂಡಿ ಸಹಿತ ಇಂಥ ರಕ್ಷಣಾ ಕ್ರಮಗಳಿಗೆ ವಿಮಾ ಕಂಪೆನಿಗಳು ಕಂತಿನಲ್ಲಿ ರಿಯಾಯಿತಿ ನೀಡಬೇಕೆಂದು ಆ ರಾಜ್ಯದ ವಿಮಾ ಇಲಾಖೆ 2022ರಲ್ಲಿ ನಿಯಮ ಮಾಡಿದೆ.

ಗಾಳಿಕಿಂಡಿಯೊಂದೇ ಮನೆಯನ್ನು ಉಳಿಸದು. ಗೋಡೆಯಿಂದ 5 ಅಡಿಯೊಳಗೆ ಪೊದೆ, ಸೌದೆ, ಮರದ ಬೇಲಿ ಇರಬಾರದು. ಮಾಡಿನ ದೋಣಿಯಲ್ಲಿ ತರಗೆಲೆ ನಿಲ್ಲಬಾರದು. ಊರು ಬಿಡಿರೆಂಬ ಆದೇಶ ಬಂದರೆ ಮನೆಗಿಂತ ಜೀವ ದೊಡ್ಡದು, ತಕ್ಷಣ ಹೊರಡಬೇಕು. ಮಕ್ಕಳ ಮನೆಗೆಂದು ಆರು ತಿಂಗಳಿಗೆ ಹೋಗುವ ಹಿರಿಯರು ಒಂದು ಸಂಜೆ ಮನೆಯ ಸುತ್ತ ನಡೆದು ಕಿಂಡಿಗಳನ್ನು ಎಣಿಸಿ, ಜಾಲರಿಯ ಕಣ್ಣನ್ನು ಗಮನಿಸಿ ಮಕ್ಕಳಿಗೆ ನೆನಪಿಸಿದರೆ ಅದೂ ಒಂದು ದೊಡ್ಡ ಉಪಕಾರವೇ ಸರಿ.