ಬೇರ್ಪಡುವ ಗಳಿಗೆ
(ಬಾನುಲಿ ಭಾಷಣ)

ಕಂಪ್ಲಿಯ ಸೀಮೆಯಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕಾಯಿಸದೆ ಬಿಟ್ಟರೆ ಮರುದಿನಕ್ಕೆ ಅದು ನೊರೆಯೆದ್ದು ಹುಳಿಯುತ್ತದೆ. ಈ ಕಾರ್ಯದಲ್ಲಿ ದೊಡ್ಡ ಪಾಲು ಯೀಸ್ಟ್ ಎಂಬ ಏಕಕೋಶಜೀವಿಯದು. ಸಕ್ಕರೆಯನ್ನುಂಡ ತಾಯಿಕೋಶದ ಮೈಮೇಲೆ ಮೊಗ್ಗೊಂದು ಮೂಡಿ, ಹಿಗ್ಗಿ, ಕಡೆಗೆ ಮಗಳಾಗಿ ಕಳಚಿಕೊಳ್ಳುತ್ತದೆ. ಸಾಹಿತ್ಯದ ಪಾಠ ಹೇಳಿ ಬದುಕಿದ ನನಗೆ ಬೆರಗೆನಿಸಿದುದು ಆ ಕಳಚುವ ಗಳಿಗೆಯ ನಿರ್ಧಾರ.

ಮಗಳು ಬೇರೆಯಾಗುವ ಮುನ್ನ 16 ವರ್ಣತಂತುಗಳ ಒಂದು ಪೂರ್ಣ ಪ್ರತಿ ಅವಳಿಗೆ ಸಲ್ಲಬೇಕು. ಅದಕ್ಕೂ ಮೊದಲೇ ನಡುವಣ ಕತ್ತು ಮುಚ್ಚಿದರೆ ಅವಳು ಬರಿಗೈಯಲ್ಲಿ ಉಳಿಯುತ್ತಾಳೆ. ತಾಯಿಯಲ್ಲಿ ಎರಡು ಪಾಲು ನಿಲ್ಲುತ್ತದೆ. ಹಾಗಾದರೆ, ಸಮಯ ಬಂದಿತೆಂದು ಹೇಳುವವರಾರು?

ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ 1970ರ ಸುಮಾರಿನಲ್ಲಿ, ತಂಪಿನಲ್ಲಿ ಬೆಳೆದು ಬಿಸಿಯಲ್ಲಿ ವಿಭಜನೆಯ ನಡುವೆ ಸ್ತಬ್ಧವಾಗುವ ಯೀಸ್ಟುಗಳನ್ನು ಆರಿಸಿ, ವಿಭಜನೆಯನ್ನು ಆಳುವ ಜೀನುಗಳನ್ನು ಗುರುತಿಸಿದರು. ಪಾಲ್ ನರ್ಸ್, ಟಿಮ್ ಹಂಟ್ ಅವರೊಡನೆ 2001ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಅವರು ಕಂಡ ಜೀನುಗಳಲ್ಲೊಂದು ಸಿಡಿಸಿ14. ಇದು ಕೆಟ್ಟರೆ ವರ್ಣತಂತುಗಳು ಬೇರೆಯಾಗುತ್ತವೆ, ಆದರೆ ತಾಯಿ-ಮಗಳು ಬೇರೆಯಾಗುವುದಿಲ್ಲ.

ಹಂಪಿಯ ಗದ್ದೆಗಳಿಗೆ ಇಂದಿಗೂ ನೀರುಣಿಸುವ ತುರ್ತು ಕಾಲುವೆಯನ್ನು ನೆನೆಯಿರಿ. ನೀರು ಸಿದ್ಧವಿದ್ದರೂ ತೂಬು ಎತ್ತುವವರೆಗೆ ಅದು ಗದ್ದೆಗೆ ಇಳಿಯದು. ಹಾಗೆಯೇ ಸಿಡಿಸಿ14 ಪ್ರೋಟೀನು ಕೋಶಕೇಂದ್ರದ ಒಂದು ಮೂಲೆಯಲ್ಲಿ ನೆಟ್1 ಎಂಬ ಇನ್ನೊಂದು ಪ್ರೋಟೀನಿನ ಸೆರೆಯಲ್ಲಿರುತ್ತದೆ. ವರ್ಣತಂತುಗಳನ್ನು ಎಳೆಯುವ ಕದಿರಿನ ಒಂದು ತುದಿ ಮೊಗ್ಗನ್ನು ಹೊಕ್ಕಿತೋ ಇಲ್ಲವೋ ಎಂಬುದೇ ಇಲ್ಲಿನ ಪರೀಕ್ಷೆ. ತಾಯಿಯ ಪಾಳೆಯದಲ್ಲಿ ಕಿನ್4 ಎಂಬ ಕಾವಲುಗಾರನು ಅಪ್ಪಣೆಯನ್ನು ತಡೆಯುತ್ತಾನೆ. ಮೊಗ್ಗಿನಲ್ಲಿ ಎಲ್‌ಟಿಇ1 ಆ ಕಾವಲುಗಾರನನ್ನೇ ತಡೆಯುತ್ತದೆ. ಆದುದರಿಂದ ಕದಿರು ಮೊಗ್ಗನ್ನು ಮುಟ್ಟಿದ ಮೇಲೆಯೇ ತೂಬು ಪೂರ್ತಿ ಎತ್ತಲ್ಪಡುತ್ತದೆ. ಬಿಡುಗಡೆಗೊಂಡ ಸಿಡಿಸಿ14 ವಿಭಜನೆಯ ಆರ್ಭಟವನ್ನು ಶಮನಗೊಳಿಸುತ್ತದೆ. ಕತ್ತಿನ ಸುತ್ತಲ ಪ್ರೋಟೀನಿನ ಉಂಗುರ ಬಿಗಿಯುತ್ತದೆ, ನಡುವೆ ಗೋಡೆಯೊಂದು ಏಳುತ್ತದೆ. ಆ ಗೋಡೆಯನ್ನು ಕರಗಿಸುವ ಕಿಣ್ವವನ್ನು ಸುರಿಸುವವಳು ಮಗಳೇ ಹೊರತು ತಾಯಿಯಲ್ಲ.

ಮನುಷ್ಯನ ಕೋಶದಲ್ಲಿ ಈ ಏರ್ಪಾಡು ಹೀಗೆಯೇ ಇಲ್ಲ. ಆದರೂ ಹಂಚಿಕೆ ಮುಗಿಯದೆ ಅಗಲಿಕೆಯಿಲ್ಲ ಎಂಬ ನಿಯಮ ಅಲ್ಲಿಯೂ ಉಂಟು. ಅದು ತಪ್ಪಿದರೆ ವರ್ಣತಂತುಗಳ ಲೆಕ್ಕ ಏರುಪೇರಾಗುತ್ತದೆ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಕಾಣುವುದು ಇಂಥ ಏರುಪೇರೇ. ಹೊಸಪೇಟೆಯ ಬೇಕರಿಯ ಹಿಟ್ಟನ್ನು ಉಬ್ಬಿಸುವ ಅಲ್ಪಜೀವಿಯನ್ನು ವಿಜ್ಞಾನಿಗಳು ಐವತ್ತು ವರ್ಷಗಳಿಗೂ ಮೀರಿ ಓದುತ್ತಿರುವುದಕ್ಕೆ ಇದೂ ಒಂದು ಕಾರಣ.

ಮಗಳು ಕಳಚಿಹೋದೆಡೆಯಲ್ಲಿ ತಾಯಿಯ ಮೈಮೇಲೆ ಒಂದು ಕಲೆ ನಿಲ್ಲುತ್ತದೆ. ಆ ಕಲೆಗಳನ್ನೆಣಿಸಿದರೆ ಅವಳು ಎಷ್ಟು ಮಕ್ಕಳನ್ನು ಹೆತ್ತಳೆಂದು ತಿಳಿಯಬಹುದು.