‘ಚಿಲ್ಲಿ’ ಅಂದರೆ ಯಾರೂ ಓಡಿ ಬರಲ್ಲ!

ನಾವು ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ಮೊದಲ ಜನವರಿ. ಹೊರಗೆ ಮೈನಸ್ 25 ಡಿಗ್ರಿ ಸೆಲ್ಸಿಯಸ್. ಸಂಜೆ ಮನೆಯ ಹೀಟರ್ ಕೆಟ್ಟುಹೋಯಿತು. ಮಡಿಲಲ್ಲಿ ಎಂಟು ತಿಂಗಳ ಮಗು. ಮನೆ ಮಾಲೀಕರಿಗೆ ಫೋನ್ ಮಾಡಿ, ‘ಇಟ್ಸ್ ಎ ಲಿಟಲ್ ಚಿಲ್ಲಿ ಇನ್ ದ ಹೌಸ್’ ಅಂದೆ. ನಮ್ಮ ‘ಚಳಿ’ಗೂ ಅವರ ‘ಚಿಲ್ಲಿ’ಗೂ ಏನು ವ್ಯತ್ಯಾಸ ಅಂದುಕೊಂಡಿದ್ದೆ. ‘ನಾಳೆ ನೋಡೋಣ’ ಅಂದುಬಿಟ್ಟರು!

ಪಕ್ಕದ ಮನೆಯ ಅಜ್ಜಿ ಕೇಳಿ ಗಾಬರಿಯಾದರು. ‘ಚಿಲ್ಲಿ ಅಂದರೆ ಸ್ವೆಟರ್ ಹಾಕಿಕೊಂಡರೆ ಸಾಕು ಅನ್ನೋ ಚಳಿ. ವಿ ಹ್ಯಾವ್ ನೋ ಹೀಟ್, ಇಟ್ಸ್ ಫ್ರೀಜಿಂಗ್ ಇನ್ ಹಿಯರ್ ಅಂತ ಹೇಳು’ ಅಂದರು. ಮಗು ಇರುವುದನ್ನೂ ಸೇರಿಸಿ ಹಾಗೇ ಹೇಳಿದೆ. ಒಂದು ಗಂಟೆಯೊಳಗೆ ರಿಪೇರಿಯವನು ಬಾಗಿಲಲ್ಲಿದ್ದ.

ಆಮೇಲೆ ಅಜ್ಜಿಯಿಂದಲೇ ಉಳಿದದ್ದನ್ನೂ ಕಲಿತೆ. ಬೆಳಗಿನ ಚುಮುಚುಮು ಚಳಿಗೆ ‘ನಿಪ್ಪಿ’. ಸಹಿಸಲಾಗದ ಚಳಿಗೆ ‘ಬಿಟರ್‌ಲಿ ಕೋಲ್ಡ್’. ಮುಖಕ್ಕೆ ಕಚ್ಚುವ ಗಾಳಿ ‘ಬೈಟಿಂಗ್ ವಿಂಡ್’. ಮೂಳೆಯವರೆಗೂ ಕೊರೆದರೆ ‘ಚಿಲ್ಡ್ ಟು ದ ಬೋನ್’. ನೀರು ಹೆಪ್ಪುಗಟ್ಟುವುದು 0 ಡಿಗ್ರಿಗೆ; ಆದರೆ ಗಡಗಡ ನಡುಗುವವರು ‘ಐ ಆಮ್ ಫ್ರೀಜಿಂಗ್’ ಅನ್ನಲು ಅಲ್ಲಿವರೆಗೆ ಕಾಯಬೇಕಿಲ್ಲ.

ಇನ್ನೊಂದು ಮಾತು. ‘ಐ ಆಮ್ ಕೋಲ್ಡ್’ ಅಂದರೆ ಚಳಿಯಾಗುತ್ತಿದೆ ಅಂತ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ! ಮೊದಲನೆಯದಕ್ಕೆ ಕಂಬಳಿ ಕೊಡ್ತಾರೆ, ಎರಡನೆಯದಕ್ಕೆ ದೂರ ಕೂರ್ತಾರೆ.

ನಿಮ್ಮ ಮಕ್ಕಳು ಚಳಿ ದೇಶಕ್ಕೆ ಹೊರಟಿದ್ದರೆ, ಚಟ್ನಿಪುಡಿ, ಸ್ವೆಟರ್ ಜೊತೆ ಈ ನಾಲ್ಕು ಮಾತನ್ನೂ ಕಟ್ಟಿಕೊಡಿ.